ಉತ್ತರ ಕೇಳಿ, ಉಚ್ಚಾರಣೆಯನ್ನಲ್ಲ

ಸವಳಂಗದ ಸುತ್ತಮುತ್ತಲಿನ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು ನಾನು. ನನ್ನ ಹತ್ತಿರ ಓದಿದ ಹುಡುಗಿಯೊಬ್ಬಳು ಶಿವಮೊಗ್ಗದಲ್ಲಿ ಬಿ.ಕಾಂ. ಮುಗಿಸಿ, ಲೆಕ್ಕಪತ್ರದ ಕೆಲಸಕ್ಕೆಂದು ಬೆಂಗಳೂರಿಗೆ ಸಂದರ್ಶನಕ್ಕೆ ಹೋದಳು. ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು. ಆದರೂ ‘ಎಂಟಿಐ ಜಾಸ್ತಿ’ ಎಂದು ಕಳಿಸಿಬಿಟ್ಟರು. ಎಂಟಿಐ ಎಂದರೆ ಮದರ್ ಟಂಗ್ ಇನ್‌ಫ್ಲುಯೆನ್ಸ್, ಇಂಗ್ಲಿಷಿನ ಮೇಲೆ ತಾಯ್ನುಡಿಯ ಛಾಯೆ. ಅವಳ ಬಾಯಲ್ಲಿ ಎಕ್ಸೆಲ್ ‘ಯೆಕ್ಸೆಲ್’ ಆಗುತ್ತದೆ, ಓನ್ಲಿ ‘ವೋನ್ಲಿ’ ಆಗುತ್ತದೆ. ನಮ್ಮಲ್ಲಿ ಹೆಚ್ಚಿನವರು ಹಾಗೇ ಅನ್ನುತ್ತೇವೆ. ಅದರಿಂದ ಯಾರಿಗೆ ಏನು ಅರ್ಥವಾಗದೆ ಹೋಯಿತು?

ಯಾವ ಉಚ್ಚಾರಣೆ ಮೇಲು ಎಂಬುದು ಆಡುವವರ ಅಂತಸ್ತಿನ ಮೇಲೆ ನಿಂತಿದೆ. ‘ಕಾರ್’ ಪದದ ಕೊನೆಯ ರಕಾರವನ್ನು ಲಂಡನ್ನಿನ ಮೇಲ್ವರ್ಗ ನುಂಗುತ್ತದೆ, ಅಲ್ಲಿ ಅದೇ ಮರ್ಯಾದೆ. 1962ರಲ್ಲಿ ಭಾಷಾವಿಜ್ಞಾನಿ ವಿಲಿಯಂ ಲಬೋವ್ ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಲ್ಲಿ ನೌಕರರನ್ನು ಮಾತಾಡಿಸಿದಾಗ ಕಂಡದ್ದು ತದ್ವಿರುದ್ಧ. ದುಬಾರಿ ಅಂಗಡಿಯವರು ರಕಾರವನ್ನು ಹೆಚ್ಚಾಗಿ ಉಚ್ಚರಿಸಿದರು, ಅಗ್ಗದ ಅಂಗಡಿಯವರು ಹೆಚ್ಚಾಗಿ ನುಂಗಿದರು.

ಕಿವಿಯೂ ನಿಷ್ಪಕ್ಷಪಾತಿಯಲ್ಲ. ಅಮೆರಿಕದ ಸಂಶೋಧಕ ಡೊನಾಲ್ಡ್ ರೂಬಿನ್ 1992ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಕೇಳಿದ್ದು ಒಬ್ಬಳೇ ಅಮೆರಿಕನ್ ಮಹಿಳೆಯ ಧ್ವನಿ. ಕೆಲವರಿಗೆ ಬಿಳಿಯ ಮಹಿಳೆಯ ಚಿತ್ರ ತೋರಿಸಿದ್ದರು, ಕೆಲವರಿಗೆ ಏಷ್ಯಾ ಮೂಲದವಳ ಚಿತ್ರ. ಏಷ್ಯಾದ ಮುಖ ನೋಡಿದವರಿಗೆ ಇಲ್ಲದ ವಿದೇಶಿ ಧಾಟಿ ಕೇಳಿಸಿತು, ಪಾಠವೂ ಕಡಿಮೆ ತಲೆಗೆ ಹತ್ತಿತು. ಅರ್ಜಿಯಲ್ಲಿ ನಮ್ಮ ನ್ಯಾಮತಿ ತಾಲ್ಲೂಕಿನ ಹೆಸರು ಓದಿದವರ ಕಿವಿ ಹೀಗೆ ಮೋಸಹೋಗುವುದಿಲ್ಲ ಎಂದು ನಂಬುವುದು ನನಗೆ ಕಷ್ಟ.

ಹಾಗೆಂದು ಹೇಗೆ ಮಾತಾಡಿದರೂ ನಡೆಯುತ್ತದೆ ಎನ್ನಲಾರೆ. ಭಾರತೀಯರ ಇಂಗ್ಲಿಷ್ ಹೊರಗಿನವರಿಗೆ ಅರ್ಥವಾಗದಿರಲು ಪದದ ಒತ್ತು ತಪ್ಪುವುದೂ ಒಂದು ಮುಖ್ಯ ಕಾರಣವೆಂದು ಭಾಷಾತಜ್ಞ ಆರ್.ಕೆ. ಬನ್ಸಲ್ 1969ರಲ್ಲೇ ತೋರಿಸಿದ್ದರು. ಹೋಟೆಲ್ ಎನ್ನುವಾಗ ನಾವು ‘ಹೋ’ ಮೇಲೆ ಒತ್ತು ಹಾಕುತ್ತೇವೆ, ಇಂಗ್ಲಿಷಿನವರು ‘ಟೆಲ್’ ಮೇಲೆ. ಇದನ್ನು ಕಲಿಸಲು ಕರಿಹಲಗೆ ಸಾಕು, ಕಾನ್ವೆಂಟೇ ಬೇಕಿಲ್ಲ. ಪ್ರತಿ ಸರ್ಕಾರಿ ಪ್ರೌಢಶಾಲೆಯಲ್ಲೂ ಇದನ್ನು ಕಲಿಸಬೇಕು. ಠಸ್‌ಪುಸ್ ಇಂಗ್ಲಿಷ್ ಕೇಳಿ ಮರುಳಾಗಿ ಸಾಲ ಮಾಡಿ ಫೀಸು ಕಟ್ಟುವ ತಂದೆತಾಯಿಗಳಿಗೂ ಇದು ತಿಳಿಯಬೇಕು.

ಸಂದರ್ಶನ ಮಾಡುವವರಲ್ಲಿ ನನ್ನದು ನೇರ ಬೇಡಿಕೆ. ನಿಮ್ಮ ಹಾಳೆಯಿಂದ ಎಂಟಿಐ ಕಾಲಂ ತೆಗೆಯಿರಿ. ಆ ಜಾಗದಲ್ಲಿ ಎರಡೇ ಪ್ರಶ್ನೆ ಬರೆದುಕೊಳ್ಳಿ: ಹೇಳಿದ್ದು ಅರ್ಥವಾಯಿತೇ, ಉತ್ತರ ಸರಿಯಿದೆಯೇ? ಎರಡಕ್ಕೂ ಹೌದೆಂದಾದರೆ ಕೆಲಸ ಕೊಡಿ. ವಿದೇಶದವರೊಡನೆ ಮಾತಾಡುವ ಕೆಲಸವಾದರೆ, ಸೇರಿಸಿಕೊಂಡ ಮೇಲೆ ತರಬೇತಿ ಕೊಡಿ. ನಮ್ಮ ಮಕ್ಕಳು ಕಲಿಯುತ್ತಾರೆ.