‘ವಿಲ್’ ಒಂದರಲ್ಲಿ ಮುಗಿಯದ ಭವಿಷ್ಯತ್ಕಾಲ

ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳ ಇಂಗ್ಲಿಷ್ ನೋಟ್‌ಬುಕ್ಕಿನಲ್ಲಿ ಸಾಮಾನ್ಯವಾಗಿ ಒಂದು ಕೋಷ್ಟಕ ಇರುತ್ತದೆ. ಮೂರು ಕಾಲ, ಒಂದೊಂದಕ್ಕೆ ನಾಲ್ಕು ರೂಪ, ಒಟ್ಟು ಹನ್ನೆರಡು ಮನೆ. ಭವಿಷ್ಯತ್ಕಾಲದ ಸಾಲಿನಲ್ಲಿ ‘ಐ ಶಲ್ ಗೋ’ ಇಂದ ಹಿಡಿದು ‘ಐ ಶಲ್ ಹ್ಯಾವ್ ಬೀನ್ ಗೋಯಿಂಗ್’ವರೆಗೆ ಎಲ್ಲವೂ ಬಾಯಿಪಾಠ. ಈ ಕೊನೆಯ ರೂಪ ಮಗುವಿಗೆ ಜೀವಮಾನದಲ್ಲಿ ಎಷ್ಟು ಸಲ ಬೇಕಾಗುತ್ತದೆ ಎಂದು ಕೇಳುವವರಿಲ್ಲ. ಆದರೆ ದಿನಕ್ಕೆ ಹತ್ತು ಸಲ ಬೇಕಾಗುವ ‘ಗೋಯಿಂಗ್ ಟು’ಗೆ ಆ ಹನ್ನೆರಡು ಮನೆಗಳಲ್ಲಿ ಜಾಗವೇ ಇಲ್ಲ. ಮುಂದೆ ನಡೆಯುವುದೆಲ್ಲ ‘ವಿಲ್’ ಅಥವಾ ‘ಶಲ್’ ಎಂಬ ಒಂದೇ ಸೂತ್ರ ಮಗುವಿನ ತಲೆಯಲ್ಲಿ ಕೂರುತ್ತದೆ. ನಮ್ಮ ಮಕ್ಕಳು ಇಂಗ್ಲಿಷ್ ಮಾತಾಡುವಾಗ ಎಡವುವ ಹಲವು ಜಾಗಗಳಿಗೆ ಈ ಸೂತ್ರವೇ ಕಾರಣ. ಅದನ್ನು ಕೈಬಿಟ್ಟು, ಮಗುವಿಗೆ ಕನ್ನಡದಲ್ಲಿ ಆಗಲೇ ಗೊತ್ತಿರುವ ತಿಳಿವಳಿಕೆಯಿಂದ ಪಾಠ ಶುರು ಮಾಡಬೇಕು ಎಂಬುದು ನನ್ನ ವಾದ.

ಮೊದಲು ಇಂಗ್ಲಿಷನ್ನೇ ನೋಡೋಣ. ಮೈಸೂರಿನ ಯಾದವಗಿರಿಯ ಮಗ್ಗುಲಲ್ಲೇ ರೈಲು ನಿಲ್ದಾಣವಿದೆ. ಒಡೆಯರ್ ಎಕ್ಸ್‌ಪ್ರೆಸ್ ನಾಳೆ ಎಷ್ಟು ಗಂಟೆಗೆ ಹೊರಡುತ್ತದೆ ಎಂಬುದನ್ನು ಇಂಗ್ಲಿಷಿನಲ್ಲಿ ‘ದಿ ಟ್ರೇನ್ ಲೀವ್ಸ್’ ಎಂದು ವರ್ತಮಾನ ರೂಪದಲ್ಲೇ ಹೇಳುತ್ತಾರೆ, ಯಾಕೆಂದರೆ ವೇಳಾಪಟ್ಟಿ ಮೊದಲೇ ನಿಗದಿಯಾಗಿದೆ. ಅದೇ ರೈಲಿಗೆ ಟಿಕೆಟ್ ಮಾಡಿಸಿ ಬಟ್ಟೆಬರೆ ಜೋಡಿಸಿಟ್ಟವನು ‘ಐ ಆಮ್ ಲೀವಿಂಗ್ ಟುಮಾರೋ’ ಎನ್ನುತ್ತಾನೆ. ಯಾದವಗಿರಿಯಲ್ಲೇ ಇರುವ ಆಕಾಶವಾಣಿ ಕೇಂದ್ರದ ಕಡೆಯಿಂದ ಕಪ್ಪು ಮೋಡ ಕವಿದು ಬರುವುದನ್ನು ಕಂಡವನ ಬಾಯಲ್ಲಿ ‘ಇಟ್ ಈಸ್ ಗೋಯಿಂಗ್ ಟು ರೈನ್’. ಬಾಗಿಲು ತಟ್ಟಿದ ಸದ್ದು ಕೇಳಿ ಆ ಕ್ಷಣಕ್ಕೆ ಎದ್ದು ನಿಂತವನು ಮಾತ್ರ ‘ಐ ವಿಲ್ ಓಪನ್ ಇಟ್’ ಎನ್ನುವುದು. ನಿಗದಿ, ಏರ್ಪಾಟು, ಕಣ್ಣೆದುರಿನ ಸೂಚನೆ, ತಕ್ಷಣದ ತೀರ್ಮಾನ ಎಲ್ಲಕ್ಕೂ ಬೇರೆ ಬೇರೆ ರೂಪಗಳು. ಇದು ಹೊಸ ಶೋಧವೇನಲ್ಲ. ಇಂಗ್ಲಿಷ್ ಕ್ರಿಯಾಪದಕ್ಕೆ ಭವಿಷ್ಯತ್ಕಾಲದ ಪ್ರತ್ಯೇಕ ರೂಪವೇ ಇಲ್ಲವೆಂದು ರ‍್ಯಾಂಡಾಲ್ಫ್ ಕ್ವರ್ಕ್ ಮತ್ತು ಸಂಗಡಿಗರು 1985ರ ತಮ್ಮ ಬೃಹತ್ ವ್ಯಾಕರಣದಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ‘ಐ’, ‘ವೀ’ಗಳ ಜೊತೆ ‘ಶಲ್’, ಉಳಿದವರ ಜೊತೆ ‘ವಿಲ್’ ಎಂಬ ಕಟ್ಟಳೆಯ ಮೂಲವಂತೂ ಜಾನ್ ವಾಲಿಸ್ 1653ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿದೆ. ಇಂಗ್ಲಿಷರ ಆಡುಮಾತೇ ಬಹುಮಟ್ಟಿಗೆ ಕೈಬಿಟ್ಟ ಆ ಕಟ್ಟಳೆಯನ್ನು ನಮ್ಮ ಮಕ್ಕಳು ಇವತ್ತಿಗೂ ಹೊತ್ತು ತಿರುಗಬೇಕಾದ ಅಗತ್ಯ ನನಗಂತೂ ಕಾಣುವುದಿಲ್ಲ.

ಈಗ ಕನ್ನಡಕ್ಕೆ ಬರೋಣ. ಶಾಲೆಯ ಕನ್ನಡ ವ್ಯಾಕರಣ ಭವಿಷ್ಯತ್ಕಾಲಕ್ಕೆ ‘ಮಾಡುವೆನು’, ‘ಬರುವೆನು’ ಎಂಬ ರೂಪ ಕೊಡುತ್ತದೆ. ಮೈಸೂರಿನ ಯಾವ ಬೀದಿಯಲ್ಲೂ ಜನ ಹಾಗೆ ಮಾತಾಡುವುದಿಲ್ಲ. ‘ನಾಳೆ ಬರ್ತೀನಿ’ ಎನ್ನುತ್ತಾರೆ, ‘ದಿನಾ ಬರ್ತೀನಿ’ ಎನ್ನುವುದಕ್ಕೂ ಅದೇ ರೂಪ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲೂ ದುಡಿದ ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಕನ್ನಡದಲ್ಲಿ ನಿಜವಾಗಿ ಇರುವುದು ಭೂತ ಮತ್ತು ಭೂತವಲ್ಲದ ಎಂಬ ಎರಡೇ ಕಾಲಗಳೆಂದೂ, ಮೂರರ ಲೆಕ್ಕ ಸಂಸ್ಕೃತ ವ್ಯಾಕರಣದಿಂದ ಬಂದದ್ದೆಂದೂ ವಾದಿಸಿದರು. ಅವರ ಮಾತನ್ನು ಪೂರ್ತಿ ಒಪ್ಪದವರೂ ಇದ್ದಾರೆ. ಆದರೆ ತರಗತಿಯಲ್ಲಿ ಆಗುವ ಒಂದು ತಪ್ಪಿನ ಮೂಲ ತಿಳಿಯಲು ಅದು ತುಂಬ ನೆರವಾಗುತ್ತದೆ. ‘ನಿಮ್ಮ ತಂದೆ ಏನು ಮಾಡುತ್ತಾರೆ?’ ಎಂಬ ಪ್ರಶ್ನೆಗೆ ನಮ್ಮ ಹುಡುಗರು ಎಷ್ಟೋ ಸಲ ‘ಮೈ ಫಾದರ್ ವಿಲ್ ವರ್ಕ್ ಇನ್ ಎ ಫ್ಯಾಕ್ಟರಿ’ ಎನ್ನುತ್ತಾರೆ. ಹುಡುಗನ ಮನಸ್ಸಿನಲ್ಲಿರುವುದು ‘ಕೆಲಸ ಮಾಡ್ತಾರೆ’ ಎಂಬ ಕನ್ನಡ ರೂಪ. ಆ ರೂಪ ನಾಳೆಗೂ ಸಲ್ಲುತ್ತದೆ, ನಿತ್ಯದ ರೂಢಿಗೂ ಸಲ್ಲುತ್ತದೆ. ‘ವಿಲ್’ ಅಂದರೆ ‘ಮಾಡ್ತಾರೆ’ ಎಂದು ಯಾರೋ ಒಮ್ಮೆ ಹೇಳಿಕೊಟ್ಟಿದ್ದಾರೆ, ಅವನು ಅದನ್ನೇ ನಂಬಿಕೊಂಡಿದ್ದಾನೆ. ಕೇಳಿದವರಿಗೆ ಅಪ್ಪನಿಗೆ ಇನ್ನೂ ಕೆಲಸ ಸಿಕ್ಕಿಲ್ಲ, ಮುಂದೆ ಸೇರಲಿದ್ದಾರೆ ಎಂಬ ಅರ್ಥ ಬರುತ್ತದೆ. ಇದನ್ನು ಹುಡುಗನ ದಡ್ಡತನ ಎನ್ನುವುದು ಅನ್ಯಾಯ. ಕಲಿಸಿದ ಸೂತ್ರವನ್ನು ಅವನು ನಿಷ್ಠೆಯಿಂದ ಪಾಲಿಸಿದ್ದಾನೆ.

ಇನ್ನೂ ಬೇಸರದ ಸಂಗತಿಯೊಂದಿದೆ. ‘ಮಳೆ ಬಂದರೆ ಆಟ ಇರಲ್ಲ’ ಎಂಬ ವಾಕ್ಯದ ‘ಬಂದರೆ’ಯಲ್ಲಿ ಭವಿಷ್ಯದ ಯಾವ ಗುರುತೂ ಇಲ್ಲ. ಅದು ನಿಂತಿರುವುದೇ ‘ಬಂದ’ ಎಂಬ ಭೂತಕಾಲದ ರೂಪದ ಮೇಲೆ. ಇಂಗ್ಲಿಷ್ ಕೂಡ ಇಂಥ ಕಡೆ ‘ಇಫ್ ಇಟ್ ರೇನ್ಸ್’ ಎನ್ನುತ್ತದೆ, ‘ವಿಲ್’ ಹಚ್ಚುವುದಿಲ್ಲ. ‘ಅವನು ಬಂದಾಗ ಹೇಳ್ತೀನಿ’ ಎಂಬುದಕ್ಕೂ ‘ವೆನ್ ಹಿ ಕಮ್ಸ್’. ಇಲ್ಲಿ ಕನ್ನಡದ ಜಾಡು ಹಿಡಿದಿದ್ದರೆ ಮಗು ತಪ್ಪುವ ಸಂಭವ ಕಡಿಮೆ. ಆದರೆ ‘ನಾಳೆಯ ಮಾತಾದರೆ ವಿಲ್ ಹಾಕು’ ಎಂಬ ಪಾಠ ಅದನ್ನು ‘ಇಫ್ ಇಟ್ ವಿಲ್ ರೈನ್’ ಎಂಬ ಕಡೆಗೆ ತಳ್ಳುತ್ತದೆ. ತಾಯ್ನುಡಿಯ ಪ್ರಭಾವದಿಂದ ಇಂಗ್ಲಿಷ್ ಕೆಡುತ್ತದೆ ಎಂದು ದೂರುವವರು ಈ ಉದಾಹರಣೆಯನ್ನು ಸಾವಧಾನವಾಗಿ ನೋಡಬೇಕು. ಇಲ್ಲಿ ಕೆಡಿಸಿದ್ದು ಕೋಷ್ಟಕ.

ಕನ್ನಡದಲ್ಲಿ ಕಾಲದ ರೂಪ ಕಡಿಮೆಯಿರಬಹುದು, ನಾಳೆಯ ಬಗೆಗಳನ್ನು ಬೇರ್ಪಡಿಸುವ ಶಕ್ತಿ ಕಡಿಮೆಯಿಲ್ಲ. ‘ಬರ್ತೀನಿ’, ‘ಬರೋನಿದ್ದೀನಿ’, ‘ಬರಬೇಕೂಂತಿದ್ದೀನಿ’, ‘ಬಂದರೂ ಬಂದೇನು’ ಎಂಬ ನಾಲ್ಕು ಮಾತುಗಳಲ್ಲಿ ಯಾವುದನ್ನು ನೆಚ್ಚಿ ಅಕ್ಕಿ ಹೆಚ್ಚಿಗೆ ಹಾಕಬಹುದು ಎಂಬುದು ಎಂಟು ವರ್ಷದ ಮಗುವಿಗೂ ಗೊತ್ತು. ‘ಮಳೆ ಬರೋ ಹಾಗಿದೆ’ ಎಂದು ಮೋಡ ನೋಡಿಯೇ ಹೇಳುತ್ತೇವೆ. ‘ಮಳೆ ಬಂದೀತು’ ಎನ್ನಲು ಮೋಡವೇ ಬೇಕಿಲ್ಲ, ಅನುಮಾನ ಸಾಕು. ಮೊದಲನೆಯದನ್ನು ಹಿಡಿದುಕೊಂಡು ‘ಗೋಯಿಂಗ್ ಟು’ವಿಗೂ ಎರಡನೆಯದರಿಂದ ‘ಮೇ’ಗೂ ದಾಟಿಸುವುದು ಕಷ್ಟವೇನಲ್ಲ. ‘ಬಂದೇನು’, ‘ಬಂದೀತು’ಗಳನ್ನು ಸಂಭಾವನಾರ್ಥಕ ಎಂಬ ಹೆಸರಿನಲ್ಲಿ ಅದೇ ಶಾಲೆಯ ಕನ್ನಡ ಮೇಷ್ಟ್ರು ಪಾಠ ಮಾಡಿರುತ್ತಾರೆ. ಪಕ್ಕದ ಕೊಠಡಿಯ ಇಂಗ್ಲಿಷ್ ಪಾಠಕ್ಕೆ ಅದರ ಪರಿಚಯವೇ ಇರುವುದಿಲ್ಲ. ಎರಡು ಭಾಷೆಯ ರೂಪಗಳು ಒಂದಕ್ಕೊಂದು ಅಳತೆಗೆ ಸರಿಯಾಗಿ ಕೂರುತ್ತವೆ ಎಂದು ನಾನು ಹೇಳುತ್ತಿಲ್ಲ, ಅವು ಕೂರುವುದಿಲ್ಲ. ಆದರೆ ನಿಗದಿಯಾದದ್ದು ಬೇರೆ, ಮನಸ್ಸು ಮಾಡಿದ್ದು ಬೇರೆ, ಊಹೆ ಬೇರೆ ಎಂಬ ವಿವೇಕವನ್ನು ಮಗುವಿಗೆ ಹೊಸದಾಗಿ ಕಲಿಸಬೇಕಿಲ್ಲ. ಕಲಿಸಬೇಕಾದ್ದು ಇಂಗ್ಲಿಷಿನ ರೂಪಗಳನ್ನು ಮಾತ್ರ.

ಕೋಷ್ಟಕ ಬಿಟ್ಟರೆ ಪಾಠ ನಡೆಯುವುದು ಹೇಗೆ ಎಂಬುದಕ್ಕೆ ನಮ್ಮ ನಾಡಿನಲ್ಲೇ ಉತ್ತರ ಹುಡುಕಿದವರಿದ್ದಾರೆ. ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದು, ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಜಗತ್ತಿನಾದ್ಯಂತ ಹೆಸರಾದ ಪ್ರಯೋಗದಲ್ಲಿ ವ್ಯಾಕರಣದ ಪಟ್ಟಿಯೇ ಇರಲಿಲ್ಲ. ವೇಳಾಪಟ್ಟಿ, ನಕಾಶೆ, ಪ್ರಯಾಣದ ಲೆಕ್ಕ ಇಂಥವನ್ನು ಮುಂದಿಟ್ಟು ಮಕ್ಕಳ ಕೈಲಿ ಇಂಗ್ಲಿಷಿನಲ್ಲಿ ಯೋಚಿಸಿ ಉತ್ತರ ಹೇಳಿಸುತ್ತಿದ್ದರು. ಗಮನ ಅರ್ಥದ ಮೇಲಿದ್ದಾಗ ರೂಪ ತಾನಾಗಿ ಕೈಗೂಡುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ 1985ರಲ್ಲಿ ಪ್ರಕಟಿಸಿದ ಮೌಲ್ಯಮಾಪನದಲ್ಲಿ, ನೇರ ವ್ಯಾಕರಣದ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯ ಮಕ್ಕಳೇ ಮುಂದಿದ್ದರು. ಎರಡೂ ಪದ್ಧತಿಗೆ ಸಮನಾದ ಪರೀಕ್ಷೆಗಳಲ್ಲಿ ಪ್ರಯೋಗದ ಮಕ್ಕಳು ಮುಂದಾದರು. ವ್ಯಾಕರಣವನ್ನು ಪೂರ್ತಿ ಬಿಟ್ಟುಬಿಡಬೇಕೆಂಬ ತೀರ್ಮಾನಕ್ಕೆ ನಾನು ಬರುವುದಿಲ್ಲ. ವಾರಕ್ಕೆ ಕೆಲವೇ ಗಂಟೆ ಇಂಗ್ಲಿಷ್ ಕಿವಿಗೆ ಬೀಳುವ ಮಗುವಿಗೆ ಯಾರಾದರೂ ರೂಪವನ್ನು ಎತ್ತಿ ತೋರಿಸಬೇಕಾಗುತ್ತದೆ. ಆದರೆ ಅರ್ಥ ಮೊದಲು ಬಂದು ರೂಪ ಆಮೇಲೆ ಬರಬೇಕೆಂಬ ಅವರ ಮಾತನ್ನು ನಲವತ್ತು ವರ್ಷ ಪಕ್ಕಕ್ಕಿಟ್ಟದ್ದು ನಮ್ಮ ನಷ್ಟ.

ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಬಂದರೆ ಮಕ್ಕಳು ಇಂಗ್ಲಿಷಿನಲ್ಲಿ ಯೋಚಿಸುವುದನ್ನೇ ಕಲಿಯುವುದಿಲ್ಲ ಎಂಬ ಆಕ್ಷೇಪ ಸಾಮಾನ್ಯ. ಇಡೀ ಪಾಠವನ್ನು ಕನ್ನಡದಲ್ಲಿ ವಿವರಿಸಿ ಮುಗಿಸುವ ಕಡೆ ಈ ಭಯ ಸರಿಯಾದದ್ದೇ. ನಾನು ಕೇಳುತ್ತಿರುವುದು ಐದು ನಿಮಿಷ: ‘ಬರೋ ಹಾಗಿದೆ’, ‘ಬಂದೀತು’ಗಳ ವ್ಯತ್ಯಾಸ ಮಕ್ಕಳ ಬಾಯಿಂದಲೇ ಬರಲಿ, ಉಳಿದ ಹೊತ್ತೆಲ್ಲ ಇಂಗ್ಲಿಷಿಗಿರಲಿ. ಇನ್ನು ಕೆಲವರು, ‘ಐ ವಿಲ್ ಕಮ್ ಡೈಲಿ’ ಎಂದರೂ ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಭಾರತದ ಇಂಗ್ಲಿಷಿಗೆ ಅದರದೇ ನಡೆಯಿದೆ ಎನ್ನುತ್ತಾರೆ. ಭಾರತದ ಇಂಗ್ಲಿಷಿಗೆ ಘನತೆ ತಂದುಕೊಟ್ಟವರಲ್ಲಿ ಒಬ್ಬರಾದ ಆರ್. ಕೆ. ನಾರಾಯಣ್ ಬಾಳಿದ್ದು ಯಾದವಗಿರಿಯಲ್ಲೇ. ಭಾರತದ ಇಂಗ್ಲಿಷಿಗೆ ಅದರದೇ ನಡೆಯಿದೆ ಎಂಬ ಮಾತಿಗೆ ನನ್ನ ತಕರಾರಿಲ್ಲ. ಗೊತ್ತಿದ್ದೂ ತನ್ನದೇ ರೀತಿಯಲ್ಲಿ ಹೇಳುವುದು ಸ್ವಾತಂತ್ರ್ಯ. ಬೇರೆ ರೂಪವಿದೆ ಎಂದೇ ತಿಳಿಯದೆ, ನೌಕರಿಯ ಸಂದರ್ಶನದಲ್ಲಿ ಹೇಳಿದ್ದೊಂದು ಕೇಳಿಸಿದ್ದೊಂದು ಆದರೆ ಅದರ ಬೆಲೆ ತೆರುವವರು ಬಡವರ ಮಕ್ಕಳು. ಮನೆಯಲ್ಲಿ ಇಂಗ್ಲಿಷ್ ಇರುವ ಮಕ್ಕಳು ಈ ರೂಪಗಳನ್ನು ಕೇಳಿಯೇ ಕಲಿಯುತ್ತಾರೆ. ಶಾಲೆಯೊಂದನ್ನೇ ನಂಬಿದವರಿಗೆ ಕೋಷ್ಟಕ ಬಿಟ್ಟು ಬೇರೆ ಗತಿಯಿಲ್ಲ.

ಪರೀಕ್ಷೆಯನ್ನು ಮುಂದೊಡ್ಡುವ ಆಕ್ಷೇಪ ಮಾತ್ರ ನಿಜವಾಗಿ ತೂಕದ್ದು. ಬಿಟ್ಟ ಸ್ಥಳಕ್ಕೆ ಕ್ರಿಯಾಪದದ ರೂಪ ತುಂಬುವ ಪ್ರಶ್ನೆ ಇರುವವರೆಗೆ ಯಾವ ಮೇಷ್ಟ್ರೂ ಕೋಷ್ಟಕವನ್ನು ಬಿಡಲಾರರು, ಅವರನ್ನು ದೂರುವುದೂ ತಪ್ಪು. ಬದಲಾವಣೆ ಸರ್ಕಾರದ ಮಟ್ಟದಲ್ಲೇ ಶುರುವಾಗಬೇಕು, ಆದರೆ ಅಲ್ಲಿನ ಗಮನ ಬೇರೆ ಕಡೆಗಿದೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಕಲಿಸಲಾಗುತ್ತಿದೆ. 2019–20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಶುರುವಾದವು. ಯಾವ ತರಗತಿಯಿಂದ, ಯಾವ ಮಾಧ್ಯಮದಲ್ಲಿ ಎಂಬ ಜಗಳಕ್ಕೆ ಕೊಟ್ಟ ಗಮನದಲ್ಲಿ ಕಾಲು ಪಾಲನ್ನಾದರೂ ಹೇಗೆ ಎಂಬುದಕ್ಕೆ ಕೊಡಬೇಕು. ಶಿಕ್ಷಕರಿಗೆ ಇಂಗ್ಲಿಷ್ ಬೋಧನೆಯ ತರಬೇತಿ ನೀಡುವ ಬೆಂಗಳೂರಿನ ಪ್ರಾದೇಶಿಕ ಸಂಸ್ಥೆ, ಮೈಸೂರಿನ ವಸಂತಮಹಲ್‌ನಲ್ಲಿರುವ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಎರಡೂ ಕಡೆ ತರಬೇತಿಯ ಒಂದು ದಿನವನ್ನು ಕನ್ನಡ ಮತ್ತು ಇಂಗ್ಲಿಷ್ ಶಿಕ್ಷಕರನ್ನು ಒಟ್ಟಿಗೆ ಕೂರಿಸಿ ನಡೆಸಲಿ. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯಲ್ಲಿ ಬಿಟ್ಟ ಸ್ಥಳದ ಬದಲು ಒಂದು ಪುಟ್ಟ ವೇಳಾಪಟ್ಟಿ, ಒಂದು ಪ್ರವಾಸದ ಯೋಜನೆ, ಒಂದು ಹವಾಮಾನ ವರದಿ ಕೊಟ್ಟು, ಇದನ್ನು ಗೆಳೆಯನಿಗೆ ಹೇಗೆ ಹೇಳುತ್ತೀರಿ ಎಂದು ನಾಲ್ಕು ವಾಕ್ಯ ಬರೆಸಲಿ. ಆ ಪ್ರಶ್ನೆಗೆ ನಾಲ್ಕು ಅಂಕ ನಿಗದಿಯಾದ ವರ್ಷವೇ ತರಗತಿಯ ಪಾಠವೂ ಬದಲಾಗುತ್ತದೆ.