ಗಾಳಿಗೆ ದುಡ್ಡುಂಟು, ಗಂಜಿಗಿಲ್ಲ

ನಮ್ಮವರಲ್ಲಿ ಒಂದು ಹೊಸ ತಳಿ ಹುಟ್ಟಿಕೊಂಡಿದೆ. ಅಮೆರಿಕದಲ್ಲಿ ಕೋಡ್ ಬರೀತಾರೆ, ವರ್ಷಕ್ಕೊಮ್ಮೆ ಕೆರಿಬಿಯನ್ ಕಡೆ ಹೋಗಿ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕೆ ಇಳೀತಾರೆ. ಒಳ್ಳೇದೇ. ಊರ ಬಾವಿಯಲ್ಲಿ ಈಜು ಕಲಿತವರು ಹವಳದ ದಿಬ್ಬ ನೋಡಿ ಬಂದರೆ ಯಾರಿಗೇನು ಹೊಟ್ಟೆಯುರಿ? ನಾನೂ ಇದೇ ತಳಿಯವನು. ನನ್ನ ತಕರಾರು ಇರೋದು ಇವರು ನೀರಿಂದ ಮೇಲೆ ಬಂದಮೇಲೆ ಆಡುವ ಮಾತಿನ ಬಗ್ಗೆ. "ಊಟ ಅಂದ್ರೆ ಬೆಂಕಿ ರೇಟು ಮಾರಾಯ. ಪುಣ್ಯಕ್ಕೆ ಸೂಟ್‌ಕೇಸ್ ತುಂಬ ಪುಳಿಯೋಗರೆ ಮಿಕ್ಸು, ನೂಡಲ್ಸು ಒಯ್ದಿದ್ವಿ, ಬಚಾವಾದ್ವಿ." ಇದನ್ನ ಜಾಣತನ ಅಂತ ಹೇಳ್ಕೋತಾರೆ. ನಾನು ದಡ್ಡತನ ಅಂತೀನಿ. ಅದರಲ್ಲಿ ಒಂದು ಚಿಟಿಕೆ ಸೊಕ್ಕೂ ಇದೆ ಅಂತೀನಿ.

ನಾನು ಕಂಡ ಬೊನೇರ್ ದ್ವೀಪವನ್ನೇ ತಗೊಳ್ಳಿ. ವೆನಿಜುವೆಲಾ ದಡದಿಂದ ಸುಮಾರು 80 ಕಿಲೋಮೀಟರ್ ದೂರ, 288 ಚದರ ಕಿಲೋಮೀಟರ್ ನೆಲ, 25 ಸಾವಿರದ ಆಸುಪಾಸು ಜನ. 2010ರಿಂದ ನೆದರ್ಲೆಂಡ್ಸಿನ ವಿಶೇಷ ಪುರಸಭೆ, 2011ರಿಂದ ಚಲಾವಣೆಯಲ್ಲಿರೋದು ಮಾತ್ರ ಅಮೆರಿಕದ ಡಾಲರು. ಸುತ್ತಲ ಸಮುದ್ರವನ್ನ 1979ರಲ್ಲೇ ರಕ್ಷಿತ ಉದ್ಯಾನ ಮಾಡಿದ್ದಾರೆ. ಹವಳ ಇಲ್ಲಿ ದಂಡೆಗೆ ಅಂಟಿಕೊಂಡೇ ಇದೆ. ರಸ್ತೆ ಬದಿ ಹಳದಿ ಬಳಿದ ಕಲ್ಲು ಕಂಡ ಕಡೆ ಬಾಡಿಗೆ ಪಿಕಪ್ ನಿಲ್ಲಿಸಿ ನಡೆದು ಇಳಿದರಾಯಿತು. ದೋಣಿಯ ಖರ್ಚೂ ಇಲ್ಲ. ಅಂದರೆ ಡೈವಿಂಗ್ ಮಟ್ಟಿಗೆ ಇದು ಕೈಗೆಟುಕುವ ಜಾಗವೇ. ಊಟಕ್ಕೆ ಬಂದಾಗ ಮಾತ್ರ ಎಲ್ಲರೂ ಅಳ್ತಾರೆ.

ಊಟ ದುಬಾರಿ ಯಾಕೆ ಅಂತ ಒಂದು ನಿಮಿಷ ಯೋಚನೆ ಮಾಡಿ. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ, ಕಲ್ಲು ನೆಲ, ಎಲ್ಲಿ ನೋಡಿದರೂ ಕಳ್ಳಿ. ಅಂಗಡಿಯ ಸಾಮಾನು ಬಹುಪಾಲು ಹಡಗಿನಲ್ಲೋ ವಿಮಾನದಲ್ಲೋ ಬರಬೇಕು. ಮೊದಲು ವೆನಿಜುವೆಲಾದ ದೋಣಿಗಳು ಹಣ್ಣು ತರಕಾರಿ ತಂದು ದಂಡೆಯಲ್ಲೇ ಮಾರುತ್ತಿದ್ದವು. 2019ರಲ್ಲಿ ವೆನಿಜುವೆಲಾ ಸರ್ಕಾರ ಗಡಿ ಮುಚ್ಚಿದಾಗ ಆ ದಾರಿಗೂ ಪೆಟ್ಟು ಬಿತ್ತು. ಹೀಗಿರುವಾಗ ಡಚ್ ಚೀಸು, ಅಮೆರಿಕದ ದನದ ಮಾಂಸ, ಐಸ್‌ಬರ್ಗ್ ಎಲೆ, ಸ್ಟ್ರಾಬೆರಿ ಇವನ್ನೇ ಬೇಕು ಅಂತ ಕೂತರೆ ಬಿಲ್ಲು ಬರದೆ ಇನ್ನೇನು ಬರುತ್ತೆ? ನೀವು ಕೊಡ್ತಿರೋದು ತಿಂಡಿಯ ರೇಟಲ್ಲ ಸ್ವಾಮಿ, ತಿಂಡಿಯ ಪ್ರಯಾಣಭತ್ಯೆ.

ಇಲ್ಲಿ ಎರಡು ಪಂಗಡ. ಒಂದು, ದಂಡೆಯ ಮೇಲೆ ಮೇಣದಬತ್ತಿ ಹಚ್ಚಿದ ಹೋಟೆಲಲ್ಲಿ ಕೂತು ಹೂಸ್ಟನ್ನಿನಲ್ಲಿ ತಿನ್ನೋದನ್ನೇ ಬೊನೇರಿನಲ್ಲೂ ತಿಂದು ಬೈಕೊಳ್ಳುವವರು. ಇನ್ನೊಂದು, ರೂಮಿನ ಬಾಗಿಲು ಹಾಕ್ಕೊಂಡು ವಾರವಿಡೀ ನೂಡಲ್ಸ್ ಕುದಿಸುವವರು. ಎರಡೂ ಪಂಗಡಕ್ಕೆ ಗೊತ್ತಿಲ್ಲದ ಸಂಗತಿ ಒಂದೇ: ಆ ದ್ವೀಪದ ಜನ ಏನು ತಿಂತಾರೆ? ಎಂಟು ನೂರು ಡಾಲರಿನ ನೀರೊಳಗಿನ ಕ್ಯಾಮೆರಾ ಯಾವುದು ಚೆನ್ನ ಅಂತ ಮೂರು ತಿಂಗಳು ಹುಡುಕಿದವರು ಈ ಪ್ರಶ್ನೆಗೆ ಮೂರು ನಿಮಿಷ ಕೊಡಲ್ಲ.

ನಾನು ಜೋಳದ ಸೀಮೆಯವನು. ರಿಂಕನ್ ಅಂತ ದ್ವೀಪದ ಹಳೇ ಹಳ್ಳಿ, ಅಲ್ಲಿ ಹೊಲದಲ್ಲಿ ನಿಂತ ಬೆಳೆ ನೋಡಿ ಗಾಡಿ ನಿಲ್ಲಿಸಿದೆ. ಅದು ಜೋಳ. ಮೆಕ್ಕೆಜೋಳ ಅಲ್ಲ, ನಮ್ಮ ರೊಟ್ಟಿಯ ಜೋಳ! ಅವರ ಪಾಪಿಯಮೆಂತು ಭಾಷೆಯಲ್ಲಿ ಅದರ ಹೆಸರು ಮೈಶಿ ಚಿಕಿ, ಅಂದರೆ ಚಿಕ್ಕ ಮೆಕ್ಕೆಜೋಳ. ನಾವು ಜೋಳ ನೋಡಿ ಮೆಕ್ಕೆಜೋಳಕ್ಕೆ ಹೆಸರಿಟ್ಟೆವು, ಅವರು ಮೆಕ್ಕೆಜೋಳ ನೋಡಿ ಜೋಳಕ್ಕೆ ಹೆಸರಿಟ್ಟರು. ಸುಗ್ಗಿಗೆ ಸಿಮಾದಾನ್ ಅಂತ ಹಬ್ಬವೂ ಇದೆ, ಹಾಡು ಕುಣಿತ ಎಲ್ಲ ಸೇರಿ. ಆಫ್ರಿಕಾದ ಈ ಕಾಳು ಸಾವಿರಾರು ವರ್ಷದ ಹಿಂದೆ ನಮ್ಮ ಕಡೆ ಬಂತು. ಆ ಕಡೆ ಹೋಗಿದ್ದು ಗುಲಾಮರ ಕಾಲದಲ್ಲಿ.

ಅಲ್ಲಿನ ದಿನದೂಟದ ಬೆನ್ನೆಲುಬು ಫುಂಚಿ. ಈಗ ಹೆಚ್ಚಾಗಿ ಮೆಕ್ಕೆಜೋಳದ ಹಿಟ್ಟಿನದು. ಕುದಿಯುವ ನೀರಿಗೆ ಉಪ್ಪು ಹಾಕಿ, ಹಿಟ್ಟು ಸುರಿದು, ಪಾತ್ರೆಯ ಅಂಚು ಬಿಡುವ ತನಕ ಕೋಲಲ್ಲಿ ತಿರುವೋದು. ಆ ಕೋಲಿಗೇ ಫುಂಚಿ ಕೋಲು ಅಂತ ಹೆಸರು. ಮುದ್ದೆ ಕೋಲು ಕಂಡವರಿಗೆ, ಸಂಗಟಿ ಉಂಡವರಿಗೆ ಇದರ ಬಗ್ಗೆ ಪಾಠ ಬೇಕಾ? ಜೊತೆಗೆ ಕಬ್ರಿತು ಸ್ತೊಬಾ, ಅಂದರೆ ಆಡಿನ ಮಾಂಸದ ಸಾರು. ಆಡುಗಳು ದ್ವೀಪದ ತುಂಬ ಅಡ್ಡಾಡುತ್ತವೆ, ಅದಕ್ಕೆ ವಿಮಾನ ಬೇಕಿಲ್ಲ. ಕಳ್ಳಿಯಿಂದ ಮಾಡುವ ಕದುಶಿ ಸೂಪು ಇದೆ. ಬೆಳಿಗ್ಗೆ ತಿನ್ನೋಕೆ ಪಸ್ತೇಚಿ, ನಮ್ಮ ಕರ್ಜಿಕಾಯಿ ಆಕಾರದ್ದು, ಒಳಗೆ ಚೀಸೋ ಮಾಂಸವೋ ಮೀನೋ. ಇಂಥ ಊಟಕ್ಕೆ ಕ್ರಿಯೋಯೊ ಅಂತಾರೆ. ಕೆಲಸಗಾರರು ಮಧ್ಯಾಹ್ನ ಸಾಲು ನಿಲ್ಲುವ ಚಿಕ್ಕ ಅಂಗಡಿಗಳಲ್ಲಿ, ರಸ್ತೆ ಬದಿಯ ಊಟದ ಗಾಡಿಗಳಲ್ಲಿ ಸಿಗುತ್ತೆ. ದಂಡೆಯ ಹೋಟೆಲಿನ ಒಬ್ಬರ ಬಿಲ್ಲಲ್ಲಿ ಅಲ್ಲಿ ನಾವು ಇಬ್ಬರು ಉಂಡೆವು, ಫುಂಚಿ ಇನ್ನೂ ಮಿಕ್ಕಿತ್ತು.

ಹಾಗಾದರೆ ಲೆಕ್ಕ ಹೀಗೆ. ಅಡುಗೆಮನೆ ಇರುವ ಬಾಡಿಗೆ ಮನೆ ಹಿಡೀರಿ. ಬೆಳಿಗ್ಗೆ ಡೈವ್‌ಗೆ ಮುಂಚೆ ಹಗುರಾಗಿ ಏನಾದರೂ ತಿನ್ನಿ, ಹೊಟ್ಟೆ ಬಿರಿಯ ತಿಂದು ನೀರಿಗಿಳಿಯೋದು ಹೇಗೂ ಒಳ್ಳೇದಲ್ಲ. ಮಧ್ಯಾಹ್ನದ್ದೇ ದೊಡ್ಡ ಊಟ ಮಾಡಿ, ಊರಿನವರ ಜೊತೆ. ಸಂಜೆ ಮನೆಯಲ್ಲಿ ಅನ್ನ ಇಟ್ಟರೆ ಮುಗೀತು. ದಕ್ಷಿಣದ ಉಪ್ಪಿನ ಗದ್ದೆಗಳ ಕಡೆ ಹೋಗುವ ದಿನ ಬುತ್ತಿ ಕಟ್ಟಿಕೊಳ್ಳಿ, ಆ ಉದ್ದಕ್ಕೂ ಅಂಗಡಿ ಹುಡುಕೋದು ಕಷ್ಟ. ಬಾಟಲಿ ನೀರನ್ನಂತೂ ಕೊಳ್ಳಲೇಬೇಡಿ. ಸಮುದ್ರದ ನೀರಿಂದ ಉಪ್ಪು ತೆಗೆದು ನಲ್ಲಿಗೆ ಬಿಡ್ತಾರೆ, ಕುಡಿಯೋಕೆ ಚೆನ್ನಾಗಿದೆ. ಪ್ಲಾಸ್ಟಿಕ್ ಬಾಟಲಿ ಕೊಂಡು ಆಮೇಲೆ "ಸಮುದ್ರ ಉಳಿಸಿ" ಅಂತ ಸ್ಟೇಟಸ್ ಹಾಕೋದನ್ನ ಬಿಡಿ.

"ನಾವು ಸಸ್ಯಾಹಾರಿಗಳು, ನಮಗೇನು ದಾರಿ?" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಫುಂಚಿ, ಕಾಳು ಹಾಕಿದ ಅನ್ನ, ಕರಿದ ಬಾಳೆ, ಕುಂಬಳಕಾಯಿಯ ಸಿಹಿ ದೋಸೆ ಇವೆ. ಕಾಳಿನಲ್ಲಿ ಉಪ್ಪು ಹಾಕಿದ ಮಾಂಸ ಇದೆಯಾ ಅಂತ ಕೇಳಿ ತಗೊಳ್ಳಿ. ಅವರ ಬೆಂಡೆಕಾಯಿ ಸೂಪಲ್ಲಿ ಮೀನು, ಮಾಂಸ ಇರುತ್ತೆ, ಹೆಸರು ಕೇಳಿ ಮೋಸ ಹೋಗಬೇಡಿ. ಚಟ್ನಿಪುಡಿ, ಉಪ್ಪಿನಕಾಯಿ ಒಯ್ಯಿರಿ, ಯಾರು ಬೇಡ ಅಂದರು? ಫುಂಚಿಗೆ ಶೇಂಗಾ ಚಟ್ನಿಪುಡಿ ಹೇಗೆ ಕೂಡುತ್ತೆ ಅಂತ ನೋಡಿ. ಪಥ್ಯ ಇರುವವರ ಮಾತು ಬೇರೆ, ಅವರು ಬೇಕಾದ್ದು ಕಟ್ಟಿಕೊಂಡು ಹೋಗಲಿ. ನಾನು ಬೈತಿರೋದು ನೋಡದೇ, ಕೇಳದೇ "ಅಲ್ಲಿಯ ಊಟ ನಮಗಾಗಲ್ಲ" ಅನ್ನುವವರನ್ನ. ಇದೇ ಜನ ಇಟಲಿಗೆ ಹೋದರೆ ಪೊಲೆಂಟಾ ಆರ್ಡರ್ ಮಾಡಿ ಫೋಟೋ ತೆಗೀತಾರೆ. ಪೊಲೆಂಟಾ ಏನು ಹಾಗಾದರೆ? ಅದೂ ಮೆಕ್ಕೆಜೋಳದ ಹಿಟ್ಟೇ. ಬಿಳಿಯರ ತಟ್ಟೆಯಲ್ಲಿದ್ದರೆ ಅನುಭವ, ಕರಿಯರ ತಟ್ಟೆಯಲ್ಲಿದ್ದರೆ ಅನುಮಾನ. ಸೊಕ್ಕು ಅಂದೆನಲ್ಲ, ಇದಕ್ಕೇ ಅಂದಿದ್ದು.

ಇನ್ನೊಂದು ವಾದ: "ನಾವು ಬಂದಿರೋದು ಡೈವ್ ಮಾಡೋಕೆ, ತಿನ್ನೋಕಲ್ಲ." ತಟ್ಟೆ ಬೇರೆ, ಹವಳ ಬೇರೆ ಅಂತ ಯಾರು ಹೇಳಿದ್ದು? ಗಿಣಿಮೀನು ಹವಳದ ಮೇಲಿನ ಪಾಚಿ ತಿಂದು ಚೊಕ್ಕ ಇಡುತ್ತೆ, ಅದಕ್ಕೇ ಬೊನೇರಿನಲ್ಲಿ ಅದನ್ನ ಹಿಡಿಯೋ ಹಾಗಿಲ್ಲ. ಸಿಂಹಮೀನು ಇದಕ್ಕೆ ತದ್ವಿರುದ್ಧ. ಹಿಂದೂ ಮಹಾಸಾಗರ, ಪೆಸಿಫಿಕ್ ಕಡೆಯದು, ಕೆರಿಬಿಯನ್ನಿಗೆ ಹೊರಗಿಂದ ಬಂದದ್ದು. ಬೊನೇರಿನಲ್ಲಿ ಮೊದಲು ಕಂಡದ್ದು 2009ರಲ್ಲಿ. ಅಲ್ಲಿಯ ಮರಿಮೀನುಗಳನ್ನ ನುಂಗುತ್ತೆ, ಅದನ್ನ ನುಂಗುವವರು ಕಡಿಮೆ. ಮುಳ್ಳಲ್ಲಿ ವಿಷ, ಮಾಂಸ ರುಚಿ. ಮೀನು ತಿನ್ನುವವರು ಸಿಂಹಮೀನು ಕೇಳಿ ತಿಂದರೆ ಹವಳಕ್ಕೆ ಮಾಡಿದ ಸಹಾಯ. ಉದ್ಯಾನದ ಶುಲ್ಕ ಅಂತ 40 ಡಾಲರಿನ ಆಸುಪಾಸು ಕಟ್ಟಿ ನಮ್ಮ ಋಣ ತೀರಿತು ಅಂದುಕೊಳ್ಳೋದು ಸುಲಭ. ತಟ್ಟೆಯಲ್ಲೂ ಸ್ವಲ್ಪ ಋಣ ಇದೆ.

ಆ ದಕ್ಷಿಣದ ದಂಡೆಯಲ್ಲಿ 1850ರಲ್ಲಿ ಕಟ್ಟಿದ ಸಾಲು ಗುಡಿಸಲುಗಳಿವೆ, ಬಾಗಿಲು ಸೊಂಟದೆತ್ತರ. ಉಪ್ಪು ಹೊರುವ ಗುಲಾಮರು ವಾರವಿಡೀ ಅದರಲ್ಲಿ ತೂರಿಕೊಂಡು ಮಲಗಿ, ವಾರದ ಕೊನೆಗೆ ದ್ವೀಪದ ಆ ತುದಿಯ ರಿಂಕನ್ನಿಗೆ ಗಂಟೆಗಟ್ಟಲೆ ನಡೆದು ಹೋಗುತ್ತಿದ್ದರು, ಹೆಂಡತಿ ಮಕ್ಕಳನ್ನ ನೋಡೋಕೆ. 1863ರಲ್ಲಿ ಬಿಡುಗಡೆ ಆಯಿತು. ಅದೇ ಗುಡಿಸಲುಗಳ ಪಕ್ಕದಲ್ಲಿ ಈಗ ಹಳದಿ ಕಲ್ಲು, ಡೈವಿಂಗ್ ಜಾಗದ ಹೆಸರು ರೆಡ್ ಸ್ಲೇವ್, ವೈಟ್ ಸ್ಲೇವ್. ಅಲ್ಲಿ ಪಿಕಪ್ಪಿನ ಹಿಂದೆ ಕೂತು ಪ್ಯಾಕೆಟ್ ಹರಿಯುವ ನಮ್ಮವರು "ಈ ಜನಕ್ಕೆ ಅಡುಗೇನೇ ಇಲ್ಲ" ಅಂದದ್ದನ್ನ ಕಿವಿಯಾರೆ ಕೇಳಿದ್ದೇನೆ. ಗುಡಿಸಲಲ್ಲಿ ಮಲಗಿದವರು ಬದುಕಿದ್ದೇ ಆ ಅಡುಗೆಯಿಂದ, ಅವರ ಮರಿಮಕ್ಕಳು ಅದನ್ನ ಇವತ್ತೂ ಬೇಯಿಸ್ತಿದ್ದಾರೆ.

ಕೊನೇ ಮಾತು, ಅಗ್ಗದ ಬಗ್ಗೆ. ನಮಗೆ ಆ ಬೆಂಕಿ ರೇಟು ಒಂದು ವಾರದ ಕಥೆ. ಹೋಟೆಲಿನಲ್ಲಿ ಹಾಸಿಗೆ ಮಡಚುವ ಹೆಂಗಸಿಗೆ, ಸಿಲಿಂಡರ್ ತುಂಬಿಸುವ ಹುಡುಗನಿಗೆ ಅದು ದಿನದ ಸಂತೆ. ಅವರು ಅದೇ ಅಂಗಡಿಯಲ್ಲಿ, ಅದೇ ಡಾಲರಿನಲ್ಲಿ ಕೊಳ್ಳಬೇಕು, ನಮ್ಮ ಸಂಬಳ ಇಲ್ಲದೆ. ಅಷ್ಟು ದುಡ್ಡಲ್ಲಿ ಹೊಟ್ಟೆ ತುಂಬ ಉಣ್ಣೋದು ಹೇಗೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರು ಉಣ್ಣುವ ಕಡೆ ಹೋಗಿ, ಅವರು ಕೊಡುವಷ್ಟು ಕೊಟ್ಟು, ಚೌಕಾಸಿ ಮಾಡದೆ ಉಂಡು ಬನ್ನಿ. ನಿಮ್ಮ ದುಡ್ಡೂ ಉಳಿಯುತ್ತೆ, ಉಳಿಯದ ದುಡ್ಡು ಆ ಅಡುಗೆಯವಳ ಕೈಗೆ ಸೇರುತ್ತೆ. ಸೂಟ್‌ಕೇಸಲ್ಲಿ ಖಾಲಿಯಾದ ಜಾಗಕ್ಕೆ ಇನ್ನೊಂದು ಜೊತೆ ಫಿನ್ಸ್ ಹಾಕ್ಕೊಳ್ಳಿ.