ಎರಡನೆಯ ಬೆಳೆಯ ಋಣ

ವಾರ್ಷಿಕ ಸಂಚಿಕೆಯಲ್ಲಿ ಧನ್ಯವಾದಗಳಿಗೆ ಎಂದೂ ಕೊರತೆಯಿಲ್ಲ. ಬಹುಮಾನ ಗೆದ್ದವರು, ಪ್ರವಾಸ ಮಾಡಿ ಬಂದವರು, ಎಲ್ಲರೂ ಯಾರಿಗಾದರೂ ವಂದಿಸುತ್ತಾರೆ. ಒಳ್ಳೆಯ ಪದ್ಧತಿಯೇ. ಆದರೆ 2025-26ರಂಥ ವರ್ಷ ಮುಗಿಯುವಾಗ, ತುಂಗಭದ್ರೆಯ ಕಾಲುವೆಯ ನೀರಿನಲ್ಲಿ ಬೆಳೆದ ಅನ್ನ ಉಂಡ ನಮ್ಮಂಥವರು ಯಾರಿಗೆ ವಂದಿಸಬೇಕು ಎಂಬುದು ಅಷ್ಟು ಸುಲಭದ ಪ್ರಶ್ನೆಯಲ್ಲ.

ಕಷ್ಟವೇ ದೊಡ್ಡ ಗುರು, ಆದುದರಿಂದ ಕಷ್ಟಕ್ಕೇ ನಮಸ್ಕಾರ ಎನ್ನುವವರಿದ್ದಾರೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ನಾಟಿಯ ಕೆಲಸವಿಲ್ಲದೆ ಕೂಲಿ ಹುಡುಕಿಕೊಂಡು ಊರು ಬಿಟ್ಟ ತಾಯಂದಿರ ಮುಂದೆ ನಿಂತು ಈ ಉಪದೇಶ ಮಾಡುವ ಧೈರ್ಯ ನಮ್ಮಲ್ಲಿ ಯಾರಿಗುಂಟು? ಕಷ್ಟ ಕಷ್ಟವೇ. ಅದನ್ನು ನಮಗಾಗಿ ಹೊತ್ತವರು ಯಾರೆಂದು ನೋಡೋಣ.

ಹಿಂದಿನ ಸಂಗತಿಯನ್ನು ಸ್ವಲ್ಪ ನೆನೆಯಬೇಕು. 2023ರಲ್ಲಿ ಬರ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಮರುವರ್ಷ ಮಳೆರಾಯ ಕೃಪೆ ಮಾಡಿ ಜಲಾಶಯ ತುಂಬಿತೆಂದು ಹಿಗ್ಗುತ್ತಿರುವಾಗಲೇ, ಆಗಸ್ಟ್ 10ರ ರಾತ್ರಿ 19ನೆಯ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಕಟ್ಟಿದ ನೀರು ಕಣ್ಣೆದುರಿಗೇ ಹೊಳೆಗೆ ಹೋಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಜಲಾಶಯವನ್ನು ಬರಿದುಮಾಡದೆ, ಹರಿಯುವ ನೀರಿನಲ್ಲಿಯೇ ಒಂದರ ಮೇಲೊಂದು ಉಕ್ಕಿನ ಹಲಗೆಗಳನ್ನು ಇಳಿಸಿ ಆಗಸ್ಟ್ 17ರ ಹೊತ್ತಿಗೆ ಬಾಯಿ ಮುಚ್ಚಿದರು. ನಾಯ್ಡು ಅವರ ಹೆಸರು ಪತ್ರಿಕೆಗಳಲ್ಲಿ ಬಂತು, ಬರಬೇಕಾದದ್ದೇ. ಅಣೆಕಟ್ಟಿನ ಮೇಲೆ ಪ್ರಾಣದ ಹಂಗು ತೊರೆದು ನಿಂತ ಕೆಲಸಗಾರರ ಹೆಸರನ್ನು ನಮ್ಮಲ್ಲಿ ಎಷ್ಟು ಜನ ಬಲ್ಲರು? ಮತ್ತೆ ಮಳೆಯಾಯಿತು, ಜಲಾಶಯ ಮತ್ತೆ ತುಂಬಿತು. ನಾವು ಮರೆತೆವು.

ಆದರೆ ಆ ಗೇಟುಗಳು 1953ರಲ್ಲಿ ಮುಗಿದ ಅಣೆಕಟ್ಟಿನ ಗೇಟುಗಳು. ಒಂದು ಹೋದ ಮೇಲೆ ಉಳಿದವುಗಳನ್ನು ನಂಬುವುದೆಂತು? 33 ಗೇಟುಗಳನ್ನೂ ಹೊಸದಾಗಿ ಕೂಡಿಸಬೇಕು, ಅದಕ್ಕಾಗಿ ಎರಡನೆಯ ಬೆಳೆಗೆ ನೀರು ಬಿಡುವಂತಿಲ್ಲ ಎಂದು 2025ರ ನವೆಂಬರಿನಲ್ಲಿ ತೀರ್ಮಾನವಾಯಿತು. ಇದನ್ನು ವಿರೋಧಿಸಿ ಬೀದಿಗಿಳಿದ ರೈತರೂ ಇದ್ದರು. ಅವರನ್ನು ಹಟಮಾರಿಗಳೆಂದು ಜರೆಯುವುದು ಸರಿಯಲ್ಲ. ಬೇಸಿಗೆಯ ಭತ್ತವೆಂದರೆ ಎಷ್ಟೋ ಮನೆಗಳಲ್ಲಿ ಸಾಲದ ಕಂತು, ಮಗಳ ಮದುವೆ, ನಮ್ಮಂಥ ಮಕ್ಕಳ ಪರೀಕ್ಷೆಯ ಶುಲ್ಕ. ಗದ್ದೆಗಳು ಬೀಳುಬಿದ್ದವು.

ಮುಂದಿನ ಐವತ್ತು ಅರವತ್ತು ವರ್ಷ ಆ ಹೊಸ ಗೇಟುಗಳ ಹಿಂದೆ ನಿಲ್ಲುವ ನೀರನ್ನು ಕುಡಿಯುವವರು ನಾವು, ನಮ್ಮ ಮಕ್ಕಳು. ಅದರ ಬೆಲೆಯನ್ನು ಒಂದು ಹಂಗಾಮಿನಲ್ಲಿ ತೆತ್ತವರು ಅವರು. ಅಣೆಕಟ್ಟು ಕಟ್ಟುವಾಗ ಊರುಗಳನ್ನೇ ನೀರಿಗೆ ಬಿಟ್ಟುಕೊಟ್ಟವರನ್ನು ನಾವು ಹೇಗೆ ಮರೆತೆವೋ ಹಾಗೆ ಇವರನ್ನೂ ಮರೆಯುವ ಸಂಭವವಿದೆ. ಅಂದಹಾಗೆ, ಇತಿಹಾಸದ ಪ್ರಬಂಧಗಳಿಗೆ ವಿಜಯನಗರದ ವೈಭವವನ್ನೇ ವರ್ಷವರ್ಷವೂ ಆರಿಸಿಕೊಳ್ಳುವ ಗೆಳೆಯರು ಆ ಮುಳುಗಿದ ಊರುಗಳ ಕಡೆಗೂ ಒಮ್ಮೆ ನೋಡಬಾರದೇಕೆ?

ಗದ್ದೆಯ ಒಡೆಯನಿಗಾದರೂ ಪಹಣಿಯಿದೆ. ಪರಿಹಾರ ಕೇಳಲು ಒಂದು ಕಾಗದವಿದೆ. ಗುತ್ತಿಗೆಗೆ ಗದ್ದೆ ಹಿಡಿದವನಿಗೆ ಅದೂ ಇಲ್ಲ. ನಾಟಿ ಹಚ್ಚುವ ಹೆಣ್ಣುಮಕ್ಕಳ ಹೆಸರಂತೂ ಯಾವ ದಫ್ತರದಲ್ಲಿಯೂ ಇಲ್ಲ. ಕೃತಜ್ಞತೆಯ ಮಾತು ಬಂದಾಗ ನನಗೆ ಮೊದಲು ನೆನಪಾಗುವವರು ಇವರೇ. ಇವರಲ್ಲಿ ಹಲವರ ಮಕ್ಕಳು ನಮ್ಮ ಪಕ್ಕದ ಬೆಂಚಿನಲ್ಲಿಯೇ ಕುಳಿತು ಈ ವರ್ಷ ಓದಿದರು. ರಾಷ್ಟ್ರೀಯ ಸೇವಾ ಯೋಜನೆಯ ಮುಂದಿನ ಶಿಬಿರವನ್ನು ಕಾಲುವೆಯ ಕೊನೆಯ ಹಳ್ಳಿಯೊಂದರಲ್ಲಿ ನಡೆಸಿ, ಕೆಲಸ ಕಳೆದುಕೊಂಡ ಕೂಲಿಯವರ ಮತ್ತು ಗುತ್ತಿಗೆ ರೈತರ ಪಟ್ಟಿಯೊಂದನ್ನು ಬರೆದು ತಾಲ್ಲೂಕು ಕಚೇರಿಗೆ ಒಪ್ಪಿಸಬಹುದು. ಅಧ್ಯಾಪಕರು ಅನುಮತಿ ಕೊಟ್ಟರೆ ಬರೆಯುವ ಕೈಗಳು ನಮ್ಮಲ್ಲಿ ಬೇಕಾದಷ್ಟಿವೆ.